ಎಂ.ಎ. ಕೊನೆಯ ವರ್ಷಕ್ಕೆ ಸೊರಬದ ವೀರಗಲ್ಲುಗಳು: ಈ ಬೇಸಿಗೆಯಲ್ಲಿ ಏನು ಮಾಡಲಿ?

ಕಾನುಮನೆ:
ಎಲ್ಲರಿಗೂ ನಮಸ್ಕಾರ. ಇತಿಹಾಸ ಎಂ.ಎ. ಮೊದಲ ವರ್ಷದ ಪರೀಕ್ಷೆ ಮುಗಿಸಿ ಊರಿಗೆ ಬಂದಿದೀನಿ. ಸೊರಬದ ಹತ್ರ ಹಳ್ಳಿ. ಬರೋ ವರ್ಷ ಕಿರುಪ್ರಬಂಧ ಬರೀಬೇಕು. "ಸೊರಬ ತಾಲ್ಲೂಕಿನ ವೀರಗಲ್ಲುಗಳು" ಅಂತ ಮನಸ್ಸಲ್ಲಿದೆ, ಗೈಡ್ ಯಾರು ಅಂತ ಇನ್ನೂ ಗೊತ್ತಾಗಿಲ್ಲ. ರಜೆಯಲ್ಲಿ ಪುಸ್ತಕ ಓದಿ, ಕ್ಲಾಸು ಶುರುವಾದ ಮೇಲೆ ಕಲ್ಲು ನೋಡೋಕೆ ಹೋಗೋಣ ಅಂದ್ಕೊಂಡಿದೀನಿ. ಹಳಗನ್ನಡ ಅಷ್ಟಿಷ್ಟು ಬರುತ್ತೆ, ಶಾಸನದ ಲಿಪಿ ಬರಲ್ಲ.

ಗದ್ದೆಬಯಲು ಮೇಷ್ಟ್ರು:
ತಂಗೀ, ಉಲ್ಟಾ ಮಾಡು. ಮಳೆ ಹಿಡೀತು ಅಂದ್ರೆ ನಮ್ಮ ಕಡೆ ಕಲ್ಲಿಗೆಲ್ಲ ಹಾವಸೆ ಕಟ್ಟುತ್ತೆ, ಸುತ್ತ ಕಳೆ ಎದೆಮಟ್ಟ ಏಳುತ್ತೆ, ಗದ್ದೆ ಬದುವಿನ ಕಲ್ಲಿನ ಹತ್ತಿರ ನಾಟಿ ಮುಗಿಯೋವರೆಗೂ ಸುಳಿಯೋಕಾಗಲ್ಲ. ಓದೋಕೆ ಆಷಾಢ ಪೂರ್ತಿ ಇದೆ.

ಬಿ.ಎಲ್. ರೈಸ್ ಸಾಹೇಬರು ಶಾಸನಗಳನ್ನೆಲ್ಲ ಕೂಡಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯ ಕರ್ನಾಟಿಕದ 8ನೇ ಸಂಪುಟ ತೆಗಿ. 1904ರದ್ದು, ಸೊರಬ, ಸಾಗರ, ನಗರ, ತೀರ್ಥಹಳ್ಳಿ ಅದರಲ್ಲಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ. ಸ್ಕೂಟಿಯಲ್ಲಿ ಹೋಗಿ ಊಟದ ಹೊತ್ತಿಗೆ ವಾಪಸ್ ಬರುವಷ್ಟು ದೂರದ ವೀರಗಲ್ಲುಗಳನ್ನ ಮಾತ್ರ ಗುರುತು ಹಾಕ್ಕೊ. ಊರ ಹೆಸರು ಹಳೇ ಕಾಲದ ಥರ ಇರುತ್ತೆ, ಹಿರಿಯರನ್ನ ಕೇಳು. ಸಂಪುಟದಲ್ಲಿ ಆ ಶಾಸನದ ಕನ್ನಡ ಪಾಠ ಇರುತ್ತೆ, ಅದರ ಪ್ರಿಂಟ್ ಹಿಡ್ಕೊಂಡು ಕಲ್ಲಿನ ಮುಂದೆ ಕೂರು. ಏನು ಬರೆದಿದೆ ಅನ್ನೋದು ಕೈಯಲ್ಲೇ ಇರುತ್ತೆ, ಅಕ್ಷರ ಹುಡುಕೋದಷ್ಟೇ ಕೆಲಸ. ಲಿಪಿ ತಾನಾಗೇ ಬರುತ್ತೆ. ೞ, ಱ ಅಂತ ಈಗ ಬಳಕೆ ತಪ್ಪಿದ ಹಳಗನ್ನಡದ ಅಕ್ಷರ ಇವೆ, ಎರಡನ್ನೂ ಮೊದಲು ಕಣ್ಣಿಗೆ ರೂಢಿ ಮಾಡ್ಕೊ.

ಬೆಳಿಗ್ಗೆ ಬೇಗ ಹೋಗು, ಇಲ್ಲಾ ಇಳಿಹೊತ್ತಿಗೆ. ನೆತ್ತಿ ಬಿಸಿಲಲ್ಲಿ ಒಂದಕ್ಷರ ಕಾಣಲ್ಲ. ಮರದ ನೆರಳಿನ ಕಲ್ಲಾದ್ರೆ ಮನೆಯಿಂದ ಕನ್ನಡಿ ಒಯ್ದು, ಪಕ್ಕದಿಂದ ಓರೆಯಾಗಿ ಬಿಸಿಲು ಹಾಯಿಸು. ಅಕ್ಷರದ ಗೀರಿಗೆ ನೆರಳು ಬಿದ್ದು ಸಾಲು ಎದ್ದು ಕಾಣುತ್ತೆ. ಸುಣ್ಣ, ಚಾಕ್‌ಪೀಸು, ತಂತಿ ಬ್ರಷ್ಷು ಮುಟ್ಟಿಸಬೇಡ. ಎಣ್ಣೆ ಕುಂಕುಮ ಇದ್ರೆ ಪೂಜೆ ಮಾಡೋರನ್ನ ಕೇಳಿ, ಚಪ್ಪಲಿ ಬಿಟ್ಟು ಹೋಗು.

ಇನ್ನು ವಿಷಯ. ತಾಲ್ಲೂಕು ಇಡೀ ಹಿಡಿದ್ರೆ ಪಿಎಚ್‌ಡಿ ಆಗುತ್ತೆ. ತಾಲ್ಲೂಕು ಈಗಿನವರು ಎಳೆದ ಗೆರೆ. ಆ ಕಲ್ಲು ನಿಲ್ಲಿಸಿದವರ ಲೆಕ್ಕದಲ್ಲಿ ಇದ್ದದ್ದು ಬನವಾಸಿ 12000 ಅನ್ನೋ ನಾಡು, ಅದರೊಳಗೆ ನಾಗರಖಂಡ 70, ಜಿಡ್ಡುಳಿಗೆ 70 ಅನ್ನೋ ಚಿಕ್ಕ ನಾಡುಗಳು. ಅಂಕಿ ಹೆಸರಿನ ಜೊತೆಗೇ ಬರುತ್ತೆ. ವೀರಗಲ್ಲಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ, ಅಂದ್ರೆ ಚಿತ್ರ ಕೆತ್ತಿದ ಅಡ್ಡಪಟ್ಟಿಯಲ್ಲಿ, ಕಾಳಗ, ನಡುವೆ ಅಪ್ಸರೆಯರು ವೀರನನ್ನ ಒಯ್ಯೋದು, ಮೇಲೆ ಲಿಂಗದ ಸನ್ನಿಧಿ. ಕೆಳಗಿನದರ ಮುಂದೆ ಜಾಸ್ತಿ ಹೊತ್ತು ಕೂರು. ದನ ಇದೆಯಾ, ಕುದುರೆ ಇದೆಯಾ, ಎದುರಾಳಿ ಕೈಯಲ್ಲಿರೋದು ಬಿಲ್ಲಾ, ಕತ್ತಿಯಾ? ಶಾಸನ "ತುಱುವಂ ಮಗುೞ್ಚಿ" (ದನಗಳನ್ನ ಮರಳಿಸಿ) ಅಂತಿದ್ದು ಚಿತ್ರದಲ್ಲಿ ಒಂದು ದನವೂ ಇಲ್ಲ ಅಂದ್ರೆ, ಯಾಕೆ ಅಂತ ಕೇಳು. ಅಲ್ಲೇ ಪ್ರಬಂಧ ಇದೆ.

ಹಾಸ್ಟೆಲ್ ಹಕ್ಕಿ:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಗೈಡ್ ಗೊತ್ತಾಗದೆ ಪೂರ್ತಿ ಇಳೀಬೇಡ ಮಾರಾಯ್ತಿ. ನಮ್ಮ ಬ್ಯಾಚಿನ ಒಬ್ಬಳು ರಜೆಯೆಲ್ಲ ಅಲೆದು ಮಾಹಿತಿ ಕೂಡಿಸಿದ್ಳು. ಸಿಕ್ಕ ಗೈಡ್ ಆಧುನಿಕ ಇತಿಹಾಸದವರು, ವಿಷಯಾನೇ ಬದಲಾಯ್ತು. ಮೊದಲ ನಾಲ್ಕೈದು ಕಲ್ಲು ನೋಡಿದ ಕೂಡ್ಲೆ ಒಂದು ಪುಟ ಬರೆದು, ಫೋಟೊ ಸಮೇತ ಡಿಪಾರ್ಟ್‌ಮೆಂಟಲ್ಲಿ ಶಾಸನ ಪಾಠ ಮಾಡೋರಿಗೆ ಮೇಲ್ ಹಾಕು. ಫೋಟೊ ನೋಡಿದ್ರೆ ಅವರಿಗೂ ಆಸೆ ಹುಟ್ಟುತ್ತೆ.

ಪಂಚಾಂಗದ ಭಟ್ರು:
ಕಾಲದ ಲೆಕ್ಕ ಈಗಲೇ ಕಲಿತುಬಿಡಿ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಸಂವತ್ಸರ ತಾಳೆ ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷ ಎಷ್ಟೋ, ಪ್ರಭವದಿಂದ ಅಷ್ಟನೆಯದು. ಶಕ 1946ಕ್ಕೆ ಶೇಷ 38, ಅಂದರೆ ಕ್ರೋಧಿ, 2024ರ ಯುಗಾದಿಗೆ ಬಂದದ್ದು. ಶಾಸನದಲ್ಲಿ ಒಂದು ವರ್ಷ ಆಚೀಚೆ ಬರುವುದುಂಟು, ಗಾಬರಿ ಬೇಡ, ಎರಡನ್ನೂ ಬರೆದಿಡಿ. ಚಾಳುಕ್ಯ ವಿಕ್ರಮ ವರ್ಷ ಅಂತಿದ್ದರೆ ಅದು ಚಾಳುಕ್ಯ ದೊರೆ ಆರನೇ ವಿಕ್ರಮಾದಿತ್ಯ ಶುರುಮಾಡಿದ ಎಣಿಕೆ, ಮೊದಲ ವರ್ಷ 1076.

ಕಾನುಮನೆ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸಂಪುಟ ಇಳಿಸ್ಕೊಂಡೆ. ನಮ್ಮೂರ ಕೆರೆ ಏರಿ ಮೇಲೊಂದು ಕಲ್ಲಿದೆ ಮೇಷ್ಟ್ರೇ, ಅರ್ಧ ಮಣ್ಣಲ್ಲಿ ಹೂತಿದೆ. ಇದರಲ್ಲಿ ಅದು ಇಲ್ಲ. ಅಗೆಸಿ ನೋಡ್ಲಾ?

ಗದ್ದೆಬಯಲು ಮೇಷ್ಟ್ರು:
ಬೇಡ ಬೇಡ, ಹಾರೆ ಮುಟ್ಟಬೇಡ. ರೈಸ್ ಬಿಟ್ಟದ್ದು ಎಷ್ಟೋ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಬಂದಿದೆ, ಮೊದಲು ಅದನ್ನ ಹುಡುಕು. ಅಲ್ಲೂ ಇಲ್ಲದಿದ್ರೆ ಪಕ್ಕದಲ್ಲಿ ಸ್ಕೇಲ್ ಇಟ್ಟು, ಇದ್ದ ಹಾಗೇ ಫೋಟೊ ತೆಗೆದು, ಪಂಚಾಯ್ತಿಗೂ ಪುರಾತತ್ವ ಇಲಾಖೆಗೂ ಒಂದೊಂದು ಅರ್ಜಿ ಹಾಕು. ಪೂರ್ತಿ ಕಲ್ಲು ಹೇಗಿರುತ್ತೆ ಅಂತ ನೋಡಬೇಕಾದ್ರೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಅಂಗಳದಲ್ಲಿ ನಿಲ್ಲಿಸಿದಾರೆ, ಒಂದು ದಿನ ಹೋಗಿ ಬಾ.