ಕಚೇರಿಯ ಹೊರಗಿನ ವೃತ್ತಿಗಳಲ್ಲಿ ಹೆಚ್ಚಿನ ಸಂಬಳ ಯಾವುದಕ್ಕಾಗಿ ಸಿಗುತ್ತದೆ?

ಪ್ರಶ್ನೆ

ನಾನು ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೇನೆ. ದಿನವಿಡೀ ಒಂದೇ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ ನನಗೆ ಒಗ್ಗುವುದಿಲ್ಲ ಎಂಬುದು ಖಚಿತವಾಗಿದೆ, ಆದರೆ ಮನೆಯ ಹೊಣೆ ನನ್ನ ಮೇಲಿರುವುದರಿಂದ ಗಳಿಕೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತೆಯೂ ಇಲ್ಲ. ವಾಣಿಜ್ಯ ಹಡಗು, ವಿಮಾನ, ಗಾಳಿಯಂತ್ರ, ನೀರಿನಡಿಯ ವೆಲ್ಡಿಂಗ್ ಮುಂತಾದ ಕೆಲಸಗಳಲ್ಲಿ ಸಂಬಳ ಹೆಚ್ಚೆಂದು ಎಲ್ಲೆಡೆ ಓದುತ್ತೇನೆ. ಆ ಸಂಬಳ ಯಾವುದಕ್ಕಾಗಿ ಸಿಗುತ್ತದೆ, ಅಲ್ಲಿಗೆ ತಲುಪಲು ಏನೇನು ದಾಟಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಹಡಗಿನ ಎಂಜಿನಿಯರ್)

ತಿಂಗಳ ಸಂಬಳವನ್ನು ನೋಡಬೇಡಿ, ವರ್ಷದ ಒಟ್ಟು ಗಳಿಕೆಯನ್ನು ನೋಡಿ. ಹಡಗಿನ ಬಹಳಷ್ಟು ಒಪ್ಪಂದಗಳಲ್ಲಿ ಹಡಗಿನ ಮೇಲಿರುವ ತಿಂಗಳುಗಳಿಗೆ ಮಾತ್ರ ಸಂಬಳವಿರುತ್ತದೆ. ರಜೆಯಲ್ಲಿ ಮನೆಯಲ್ಲಿರುವ ಕಾಲಕ್ಕೆ ಏನೂ ಬರುವುದಿಲ್ಲ. ಆದ್ದರಿಂದ ಮೊದಲ ನೋಟಕ್ಕೆ ದೊಡ್ಡದಾಗಿ ಕಾಣುವ ಮೊತ್ತವನ್ನು ಹನ್ನೆರಡು ತಿಂಗಳಿಗೆ ಹಂಚಿದ ಮೇಲೆಯೇ ಇತರ ಕೆಲಸಗಳೊಂದಿಗೆ ಹೋಲಿಸುವುದು ನ್ಯಾಯ.

ಹಡಗಿನ ಅಧಿಕಾರಿಗಳ ಅರ್ಹತೆಯನ್ನು ನಾವಿಕರ ತರಬೇತಿ, ಪ್ರಮಾಣಪತ್ರಗಳ ಕುರಿತ 1978ರ ಎಸ್‌ಟಿಸಿಡಬ್ಲ್ಯು ಅಂತರರಾಷ್ಟ್ರೀಯ ಒಪ್ಪಂದ ನಿರ್ಧರಿಸುತ್ತದೆ. ಎಂಜಿನ್ ವಿಭಾಗದಲ್ಲಿ ಕಾವಲು, ಅಂದರೆ ಸರದಿಯ ಮೇಲೆ ಯಂತ್ರಗಳ ಉಸ್ತುವಾರಿ ಹೊರುವ ಅಧಿಕಾರಿಯಾಗಲು ಓದಿನ ಜೊತೆಗೆ ವರ್ಕ್‌ಶಾಪ್ ತರಬೇತಿಯೂ ಸಮುದ್ರಸೇವೆಯೂ ದಾಖಲಾಗಿರಬೇಕು. ಅಲ್ಲಿಂದ ಮುಂದೆ ಪ್ರತಿ ಬಡ್ತಿಗೂ ಮತ್ತಷ್ಟು ಸಮುದ್ರಸೇವೆ ಮತ್ತು ಪರೀಕ್ಷೆ. ಚೀಫ್ ಎಂಜಿನಿಯರ್‌ಗೆ ದೊರೆಯುವ ದೊಡ್ಡ ಸಂಬಳ, ನಡುಸಮುದ್ರದಲ್ಲಿ ಯಂತ್ರ ನಿಂತಾಗ ಹೊರಗಿನಿಂದ ಯಾರೂ ಬರಲಾರರೆಂಬ ಸ್ಥಿತಿಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಹೊಣೆಗೆ ಸಿಗುವಂಥದ್ದು. ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿದೆ ಎಂದರೆ ಉಳಿದ ಹೊತ್ತು ಹೇಗೆ ಕಳೆಯುತ್ತದೆಂದು ನೀವೇ ಊಹಿಸಬಹುದು.

ಉತ್ತರ 2 (ಕಡಲಾಳದ ಕೆಲಸಗಳ ಮೇಲ್ವಿಚಾರಕ)

ನೀರಿನಡಿಯ ವೆಲ್ಡಿಂಗ್ ಬಗ್ಗೆ ಹರಡಿರುವ ಮಾತುಗಳಲ್ಲಿ ಅರ್ಧದಷ್ಟು ಸರಿಯಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಲ್ಲಿ ಕೆಲಸ ಮಾಡುವವನು ಮೊದಲು ವೃತ್ತಿಪರ ಮುಳುಗುಗಾರ, ಆಮೇಲೆ ವೆಲ್ಡರ್. ಅವನ ದಿನಗಳಲ್ಲಿ ಹೆಚ್ಚಿನವು ಪರಿಶೀಲನೆ, ಕತ್ತರಿಸುವುದು, ಕೊಳವೆಗಳನ್ನು ಜೋಡಿಸುವ ಫ್ಲ್ಯಾಂಜ್ ಬಿಗಿಯುವುದು, ಪಾಚಿ ಕೆರೆಯುವುದು ಇಂಥವುಗಳಲ್ಲೇ ಕಳೆಯುತ್ತವೆ.

ನಿಜವಾಗಿ ದೊಡ್ಡ ಹಣವಿರುವುದು ಸ್ಯಾಚುರೇಷನ್ ಡೈವಿಂಗ್‌ನಲ್ಲಿ. ಸುಮಾರು 50 ಮೀಟರ್‌ಗಿಂತ ಆಳದಲ್ಲಿ ಗಾಳಿಯನ್ನೇ ಉಸಿರಾಡಿದರೆ ಅದರಲ್ಲಿರುವ ಸಾರಜನಕದಿಂದ ಬುದ್ಧಿಗೆ ಮಂಪರು ಕವಿಯುತ್ತದೆ. ಅದಕ್ಕಾಗಿ ಹೀಲಿಯಂ ಮತ್ತು ಆಮ್ಲಜನಕದ ಮಿಶ್ರಣ ಬಳಸುತ್ತಾರೆ. ಒತ್ತಡದಲ್ಲಿ ಸಾಕಷ್ಟು ಹೊತ್ತು ಇದ್ದರೆ ದೇಹದ ಅಂಗಾಂಶಗಳು ಅನಿಲದಿಂದ ತುಂಬಿ ಹೋಗುತ್ತವೆ, ಆ ಬಳಿಕ ಇನ್ನೆಷ್ಟು ದಿನ ಅಲ್ಲೇ ಇದ್ದರೂ ಒತ್ತಡ ಇಳಿಸಲು ಬೇಕಾಗುವ ಕಾಲ ಹೆಚ್ಚುವುದಿಲ್ಲ. ಈ ತತ್ವದ ಮೇಲೆ ಕೆಲಸಗಾರರನ್ನು ಹಡಗಿನ ಮೇಲಿರುವ ಒತ್ತಡದ ಕೋಣೆಯಲ್ಲೇ ವಾರಗಟ್ಟಲೆ ಇರಿಸಿ, ಗಂಟೆಯಾಕಾರದ ಗೂಡಿನಲ್ಲಿ ಕೆಳಗಿಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಅದೇ ಕೋಣೆಗೆ ತರುತ್ತಾರೆ. ಸಾಮಾನ್ಯವಾಗಿ 28 ದಿನಗಳನ್ನು ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ಸುಮಾರು 100 ಮೀಟರ್ ಆಳದ ಒತ್ತಡದಿಂದ ಹೊರಗೆ ಬರಲು ಮೂರು ನಾಲ್ಕು ದಿನಗಳೇ ಬೇಕು. ಕೋಣೆಯೊಳಗಿದ್ದಾಗ ಮನೆಯಲ್ಲಿ ಸಾವಿನ ಸುದ್ದಿ ಬಂದರೂ ಬಾಗಿಲು ತೆರೆದು ಹೊರಡಲಾಗದು. ಹೀಲಿಯಂ ದೇಹದ ಬಿಸಿಯನ್ನು ಬೇಗ ಸೆಳೆಯುವುದರಿಂದ ಉಡುಪಿನೊಳಗೆ ಬಿಸಿನೀರು ಹರಿಸುತ್ತಲೇ ಇರಬೇಕು, ಧ್ವನಿಯೂ ಬದಲಾಗುವುದರಿಂದ ಮಾತು ಅರ್ಥವಾಗಲು ಬೇರೆ ಉಪಕರಣವೇ ಬೇಕು. ಈ ಎಲ್ಲ ಕಟ್ಟುಪಾಡುಗಳಿಗೆ ಕೊಡುವ ಬೆಲೆಯೇ ಆ ಸಂಬಳ. ಹೊಸಬರನ್ನು ನೇರವಾಗಿ ಇಲ್ಲಿಗೆ ತೆಗೆದುಕೊಳ್ಳುವುದಿಲ್ಲ. ಆಳ ಕಡಿಮೆಯಿರುವ ಕಡೆ, ಮೇಲಿನಿಂದ ಗಾಳಿ ಪೂರೈಸುವ ಕೆಲಸಗಳಲ್ಲಿ ವರ್ಷಗಳ ಅನುಭವ ಬೇಕು. ತರಬೇತಿ ಮುಗಿದ ಕೂಡಲೇ ಈ ಗಳಿಕೆ ಖಚಿತವೆಂದು ಹೇಳುವ ಸಂಸ್ಥೆಯನ್ನು ದಯವಿಟ್ಟು ನಂಬಬೇಡಿ.

ಉತ್ತರ 3 (ಪೈಲಟ್)

ವಿಮಾನದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಂತರರಾಷ್ಟ್ರೀಯ ಮಾನದಂಡದಂತೆ ವಾಣಿಜ್ಯ ಪೈಲಟ್ ಪರವಾನಗಿಗೆ ಸಾಮಾನ್ಯವಾಗಿ 200 ಗಂಟೆ, ವಿಮಾನಯಾನ ಸಂಸ್ಥೆಯ ಕ್ಯಾಪ್ಟನ್ ಹಂತದ ಪರವಾನಗಿಗೆ 1500 ಗಂಟೆ ಹಾರಾಟ ಬೇಕು. ತರಬೇತಿಯ ವೆಚ್ಚವನ್ನು ಬಹುತೇಕರು ತಾವೇ ಭರಿಸುತ್ತಾರೆ. ಶುಲ್ಕ ಕಟ್ಟುವ ಮೊದಲೇ ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ, ಏಕೆಂದರೆ ಅದರಲ್ಲಿ ತೇರ್ಗಡೆಯಾಗದಿದ್ದರೆ ಉಳಿದುದೆಲ್ಲ ವ್ಯರ್ಥ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ದೀರ್ಘಕಾಲ ಮನೆಯಿಂದ ದೂರವಿರಲು ನನಗೆ ಸಾಧ್ಯವಾಗದು. ತಿಂಗಳಿಗೆ ಕೆಲವು ದಿನವಾದರೂ ಮನೆ ಸೇರಬಹುದಾದ ದಾರಿಯೇನಾದರೂ ಇದೆಯೇ?

ಉತ್ತರ 4 (ಹಗ್ಗದ ಮೇಲಿನ ಕೆಲಸಗಾರ)

ಹಗ್ಗದಲ್ಲಿ ಇಳಿದು ಕಟ್ಟಡ, ಸೇತುವೆ, ಗಾಳಿಯಂತ್ರದ ರೆಕ್ಕೆಗಳನ್ನು ದುರಸ್ತಿ ಮಾಡುವ ಕೆಲಸವನ್ನು ಪರಿಗಣಿಸಿ. ಈ ಕೆಲಸಕ್ಕೆ ಪ್ರಮಾಣಪತ್ರ ನೀಡುವ ಅಂತರರಾಷ್ಟ್ರೀಯ ಸಂಘಟನೆಯಾದ ಇರಾಟಾದ ಪದ್ಧತಿಯಲ್ಲಿ ಮೂರು ಹಂತಗಳಿವೆ. ಒಂದು ಹಂತದಿಂದ ಮುಂದಿನದಕ್ಕೆ ಏರಲು ಕನಿಷ್ಠ 12 ತಿಂಗಳು ಮತ್ತು ಹಗ್ಗದ ಮೇಲೆ 1000 ಗಂಟೆ ದಾಖಲಾಗಿರಬೇಕು. ತಂಡವನ್ನು ಮುನ್ನಡೆಸುವ ಅಧಿಕಾರ ಮೂರನೇ ಹಂತದವರಿಗೆ, ಸಂಬಳದ ನಿಜವಾದ ಜಿಗಿತವೂ ಅಲ್ಲೇ. ಆದರೆ ಹಗ್ಗ ಹತ್ತುವುದಷ್ಟೇ ಬಂದರೆ ಮೊದಲ ಹಂತದಾಚೆಗೆ ಬೇಡಿಕೆ ಕಡಿಮೆ. ಅದರ ಜೊತೆಗೆ ವೆಲ್ಡಿಂಗ್, ವಿನಾಶರಹಿತ ಪರೀಕ್ಷೆ (ವಸ್ತುವಿಗೆ ಹಾನಿಯಾಗದಂತೆ ದೋಷ ಹುಡುಕುವುದು) ಅಥವಾ ರೆಕ್ಕೆ ದುರಸ್ತಿ ಬಲ್ಲವರನ್ನೇ ಮೊದಲು ಕರೆಯುತ್ತಾರೆ, ಮೆಕ್ಯಾನಿಕಲ್ ಓದಿರುವ ನಿಮಗೆ ಅದು ಅನುಕೂಲ. ಪ್ರಮಾಣಪತ್ರ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಾಗುವುದರಿಂದ, ಕೆಲಸಕ್ಕೆ ಸೇರುವಾಗ ಆ ಖರ್ಚು ಯಾರದೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.