ನಲಿ-ಕಲಿ ಕೋಣೆಗೆ ಟಿವಿ ಬಂದಿದೆ. ಮಕ್ಕಳು ಹಾಡುತ್ತಾರೆ, ಆದರೆ ಓದುತ್ತಿಲ್ಲ. ಏನು ಮಾಡಲಿ?

ಪಾವಗಡ ಟೀಚರ್:

ಎಲ್ಲರಿಗೂ ನಮಸ್ಕಾರ. ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರು, ಮೂರೂ ತರಗತಿ ಒಂದೇ ಕೋಣೆಯಲ್ಲಿ. ಹಳೇ ವಿದ್ಯಾರ್ಥಿಗಳು ಸೇರಿ 43 ಇಂಚಿನ ಟಿವಿ ಕೊಡಿಸಿದ್ದಾರೆ. ಶಾಲೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಕೂಡ ಇದೆ, ಚಾರ್ಜರ್ ಸಿಕ್ಕಿಸಿಯೇ ಇಡಬೇಕು. ನೆಟ್ ನನ್ನ ಮೊಬೈಲಿನದೇ. ಅದೂ ಕಿಟಕಿ ಪಕ್ಕ ನಿಂತರೆ ಮಾತ್ರ.

ಶಿಶುಗೀತೆಯ ವಿಡಿಯೋ ಹಾಕಿದರೆ ಮಕ್ಕಳಿಗೆ ಹಬ್ಬ. ಎದ್ದು ಕುಣಿಯುತ್ತಾರೆ, ಒಂದಕ್ಷರ ತಪ್ಪದೆ ಹಾಡುತ್ತಾರೆ. ಅದೇ ಹಾಡಿನ ಸಾಲನ್ನು ಬೋರ್ಡ್ ಮೇಲೆ ಬರೆದು ನಡುವಿನ ಒಂದು ಪದಕ್ಕೆ ಕೋಲು ಇಟ್ಟರೆ ಬಾಯಿ ಬಂದ್. ಸ್ವಲ್ಪ ಚುರುಕಾದವರು ಏನು ಮಾಡುತ್ತಾರೆ ಗೊತ್ತಾ? ಮೊದಲಿಂದ ಮೆಲ್ಲಗೆ ಹಾಡಿಕೊಂಡು ಬಂದು, ಆ ಪದ ಬಂದಾಗ ನಿಲ್ಲಿಸಿ ಜೋರಾಗಿ ಹೇಳುತ್ತಾರೆ. ಅದು ಓದು ಅಲ್ಲವಲ್ಲ!

ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಯೂ ನೋಡಿದೆ. ಪಾಠದ ವಿವರಣೆ ಚೆನ್ನಾಗಿಯೇ ಇದೆ. ಆದರೆ ಮಕ್ಕಳು ಸುಮ್ನೆ ಕೂತು ನೋಡುತ್ತಾರೆ ಅಷ್ಟೇ. ಟಿವಿಯನ್ನು ಓದು ಕಲಿಸೋಕೆ ನಿಜವಾಗಿ ಬಳಸಿದವರು ಯಾರಾದರೂ ಇದ್ದೀರಾ? ಆ್ಯಪ್‌ಗಳ ಹೆಸರಿನ ಪಟ್ಟಿ ಬೇಡ, ದಯವಿಟ್ಟು. ನೀವು ಕೋಣೆಯಲ್ಲಿ ಏನು ಮಾಡಿದಿರಿ ಅಂತ ಹೇಳಿ.

ಮದ್ದೂರು ಮೇಷ್ಟ್ರು (ನಿವೃತ್ತ):

ಮೇಡಂ, ಟಿವಿಗೆ ಬಟ್ಟೆ ಮುಚ್ಚಿ, ಸ್ಲೇಟು ಕೊಡಿ. ತಮಾಷೆ ಅಲ್ಲ, ಅರ್ಧ ನಿಜವಾಗಿಯೇ ಹೇಳುತ್ತಿದ್ದೇನೆ.

ನಮ್ಮ ಕಾಲದಲ್ಲಿ ಆಕಾಶವಾಣಿಯ 'ಕೇಳಿ-ಕಲಿ' ಪಾಠ ಬರುತ್ತಿತ್ತು. ರೇಡಿಯೋ ಹಚ್ಚುವ ಮೊದಲು ಮಕ್ಕಳ ಜೊತೆ ಒಂದಿಷ್ಟು ಮಾತು, ಮುಗಿದ ಮೇಲೆ ಬೋರ್ಡಿನಲ್ಲಿ ಕೆಲಸ. ಆ ಹಿಂದುಮುಂದಿನ ಕೆಲಸದಲ್ಲೇ ಕಲಿಕೆ ಇದ್ದದ್ದು. ಈಗ ವಿಡಿಯೋ ಹಾಕಿ ಅಟೆಂಡೆನ್ಸ್ ಬರೆಯುತ್ತಾ ಕೂರುವವರನ್ನು ನೋಡಿದ್ದೇನೆ. ನೀವು ಹಾಗೆ ಅಂತಲ್ಲ. ಆದರೆ ಮಗು 'ಹಕ್ಕಿ'ಯನ್ನು 'ಅಕ್ಕಿ' ಅಂತ ಓದಿದರೆ ಟಿವಿಗೆ ಗೊತ್ತಾಗಲ್ಲ. ನಮ್ಮ ಮಂಡ್ಯ ಕಡೆ ಮಕ್ಕಳ ಜೊತೆ ಇದ್ದಿದ್ದರೆ ನಿಮಗೆ ಇದು ದಿನಾ ಅನುಭವಕ್ಕೆ ಬರುತ್ತಿತ್ತು.

ಶಿರಾ ನಲಿಕಲಿ:

ಪಾವಗಡ ಮೇಡಂ, ನಾನೂ ನಿಮ್ಮ ಜಿಲ್ಲೆಯವಳೇ. ಮಕ್ಕಳು ಮೊದಲಿಂದ ಹಾಡಿಕೊಂಡು ಬಂದು ಆ ಪದದ ಹತ್ತಿರ ನಿಲ್ಲುತ್ತಾರೆ ಅಂದಿರಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ಓದು ಶುರುವಾಗುವುದೇ ಅಲ್ಲಿಂದ! ಬಾಯಲ್ಲಿರುವ ಸಾಲಿನಲ್ಲಿ ಎಷ್ಟು ತುಂಡು ಇದೆಯೋ ಬೋರ್ಡಿನ ಮೇಲೂ ಅಷ್ಟೇ ತುಂಡು ಇದೆ ಅಂತ ಆ ಮಗುವಿಗೆ ಹೊಳೆದಿದೆ. ಟಿವಿಯಿಂದ ನಾನು ಮಾಡಿಸುವುದು ಆ ಹುಡುಕಾಟವನ್ನೇ, ಬೇರೇನೂ ಇಲ್ಲ.

ಮೊದಲು ಕುಣಿಯುವ ಆನೆ, ಕರಡಿ ಎಲ್ಲ ತೆಗೆಯಿರಿ. ಚಿತ್ರ ಓಡುತ್ತಿದ್ದರೆ ಮಗುವಿನ ಕಣ್ಣು ಅಕ್ಷರದ ಕಡೆ ಹೋಗಲ್ಲ, ಕೆಳಗೆ ಎಷ್ಟು ದೊಡ್ಡದಾಗಿ ಬರೆದಿದ್ದರೂ ಸರಿ. ನಮ್ಮ ಶಾಲೆಯಲ್ಲಿ ಮಕ್ಕಳ ಜೊತೆ ಕಟ್ಟಿದ ಒಂದು ಮಳೆ ಹಾಡಿದೆ. "ಮಳೆ ಬಂತು, ಕೆರೆ ತುಂಬಿತು, ಕಪ್ಪೆ ಹಾಡಿತು" ಅಂತ ಶುರುವಾಗುತ್ತದೆ. ಒಂದು ಸ್ಲೈಡಿಗೆ ಒಂದೇ ಸಾಲು, ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಅದೇ ಸ್ಲೈಡನ್ನು ಸಾಲಿನಲ್ಲಿ ಎಷ್ಟು ಪದ ಇದೆಯೋ ಅಷ್ಟು ಸಲ ಕಾಪಿ ಮಾಡಿ, ಒಂದೊಂದರಲ್ಲಿ ಒಂದೊಂದು ಪದಕ್ಕೆ ಕೆಂಪು ಬಣ್ಣ ಕೊಡುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟಿಕೊಂಡು ನಿಧಾನವಾಗಿ ಹಾಡುತ್ತಾರೆ. ರಿಮೋಟ್ ಒಂದು ಮಗುವಿನ ಕೈಯಲ್ಲಿ. ಬಾಯಿ ಯಾವ ಪದದಲ್ಲಿದೆಯೋ ಕೆಂಪು ಆ ಪದದಲ್ಲೇ ಇರಬೇಕು. ಬೇಗ ಒತ್ತಿದರೆ ಇಡೀ ಕೋಣೆ "ಏಯ್, ಇನ್ನೂ ಕೆರೆ ಕಣೋ!" ಅಂತ ಕೂಗುತ್ತದೆ. ಆ ಜಗಳ ನನಗೆ ಬೇಕು. ಕೂಗಬೇಕಾದರೆ ಅಕ್ಷರ ನೋಡಲೇಬೇಕು.

ಇದು ನನ್ನ ಸ್ವಂತ ಬುದ್ಧಿ ಏನಲ್ಲ. ಅಹಮದಾಬಾದ್ ಐಐಎಂನ ಬ್ರಿಜ್ ಕೊಠಾರಿ ಅವರು 1999ರಲ್ಲೇ ಗುಜರಾತಿ ದೂರದರ್ಶನದ ಸಿನಿಮಾ ಹಾಡುಗಳ ಕಾರ್ಯಕ್ರಮದಲ್ಲಿ ಇದನ್ನು ಮಾಡಿಸಿದ್ದರು. ಹಾಡು ಗುಜರಾತಿ, ಕೆಳಗಿನ ಅಕ್ಷರವೂ ಗುಜರಾತಿ. ಗಾಯಕರ ದನಿಯ ಜೊತೆ ಪದದ ಬಣ್ಣ ಬದಲಾಗುತ್ತಾ ಹೋಗುತ್ತದೆ. ಹಾಡು ಮೊದಲೇ ಗೊತ್ತಿರುವುದರಿಂದ ಮುಂದೆ ಯಾವ ಪದ ಅಂತ ಕಿವಿಯೇ ಕಣ್ಣಿಗೆ ಹೇಳಿಕೊಡುತ್ತದೆ. ನಾನು ಬಣ್ಣ ಬದಲಿಸುವ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟಿದ್ದೇನೆ ಅಷ್ಟೇ.

ಮೂರೂ ತರಗತಿಗೆ ಒಂದೇ ಸ್ಲೈಡ್ ಸಾಕಾಗುತ್ತದೆ. ನಲಿ-ಕಲಿಯಲ್ಲಿ ಮೊದಲು ಕಲಿಸುವ ರ, ಗ, ಸ, ದ, ಅ ಅಕ್ಷರಗಳ ಮೆಟ್ಟಿಲಲ್ಲಿ (ಹಂತದಲ್ಲಿ) ಇರುವವರು 'ಕೆರೆ'ಯೊಳಗೆ ತಮ್ಮ 'ರ' ಎಲ್ಲಿ ಕೂತಿದೆ ಅಂತ ಹುಡುಕುತ್ತಾರೆ. ಎರಡನೇಯವರು ಪದ ತೋರಿಸುತ್ತಾರೆ. ಮೂರನೇಯವರಿಗೆ ಒತ್ತಕ್ಷರದ ಕೆಲಸ. ಇಷ್ಟೆಲ್ಲ ಹತ್ತು ನಿಮಿಷದೊಳಗೆ ಮುಗಿಯಬೇಕು. ಮಕ್ಕಳು ತಟ್ಟೆಗಳಿಗೆ (ತಮ್ಮ ತಮ್ಮ ಕಲಿಕಾ ಗುಂಪುಗಳಿಗೆ) ಹೋಗಿ ಕೂತರೆ ಟಿವಿ ಆಫ್, ಮತ್ತೆ ಹಚ್ಚುವ ಮಾತಿಲ್ಲ. ಅದೇ ಸಾಲು ರಟ್ಟಿನ ಪಟ್ಟಿಯಲ್ಲಿ ಕೈಗೆ ಬರುತ್ತದೆ. ಪದಗಳನ್ನು ಕತ್ತರಿಸಿ ಕಲಸಿ ಕೊಟ್ಟರೆ ಜೋಡಿಸುತ್ತಾರೆ, ಆಮೇಲೆ ಗೋಡೆಯ ಕೆಳಗಿನ ಕಪ್ಪು ಹಲಗೆಯಲ್ಲಿ ಬರೆಯುತ್ತಾರೆ.

ಇನ್ನೊಂದು ಕೆಲಸವಿದೆ. ನನಗೆ ಹಾಡಿಗಿಂತ ಅದೇ ಇಷ್ಟ. ವಾರಕ್ಕೊಮ್ಮೆ ಲ್ಯಾಪ್‌ಟಾಪನ್ನು ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿ, ಮಕ್ಕಳು ಹೇಳಿದ್ದನ್ನು ಅವರೆದುರೇ ಟೈಪ್ ಮಾಡುತ್ತೇನೆ. "ನಮ್ಮ ಮೇಕೆ ಎರಡು ಮರಿ ಹಾಕಿತು ಮಿಸ್" ಅಂತ ಒಬ್ಬಳು ಹೇಳುತ್ತಾಳೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಮೊದಲು ವ್ಯಂಜನ, ಆಮೇಲೆ ಸ್ವರ ಒತ್ತಬೇಕು ಅಲ್ವಾ? ಹಾಗಾಗಿ ಪರದೆ ಮೇಲೆ ಮೊದಲು 'ಮ' ಬರುತ್ತದೆ, ನೋಡುತ್ತಿದ್ದಂತೆ ಅದೇ 'ಮೇ' ಆಗುತ್ತದೆ. ಇಡೀ ಕಾಗುಣಿತ ಕಣ್ಣೆದುರೇ ನಡೆಯುತ್ತದೆ. ಒತ್ತಕ್ಷರ ಇನ್ನೂ ಮಜಾ. 'ಕಪ್ಪೆ' ಬರೆಯುವಾಗ ಕ ಬಂತು, ಪ ಬಂತು. ಎಫ್ ಕೀಲಿ ಒತ್ತಿದರೆ ಪ ಹೋಗಿ 'ಪ್' ಆಯಿತು. ಮತ್ತೆ ಪ ಒತ್ತಿದರೆ ಅದು ಕೆಳಗೆ ಇಳಿದು ಕೂತುಕೊಂಡಿತು. ಕೊನೆಗೆ ಎತ್ವ, ಅದು ಮಾತ್ರ ಮೇಲಿನ ಪ-ಗೇ ಹತ್ತಿಕೊಳ್ಳುತ್ತದೆ. ಎರಡು ಪ-ದಲ್ಲಿ ಒಂದು ಯಾಕೆ ಕೆಳಗೆ ಹೋಯಿತು, ಮೊದಲು ಯಾವುದನ್ನು ಹೇಳಬೇಕು ಅಂತ ಬೋರ್ಡಿನಲ್ಲಿ ಎಷ್ಟು ಬಾಯಿ ನೋಯಿಸಿಕೊಂಡರೂ ತಲೆಗೆ ಹೋಗದ ಮಕ್ಕಳು ಇದನ್ನು ನೋಡಿ "ಮಿಸ್, ಇನ್ನೊಂದ್ಸಲ" ಅನ್ನುತ್ತಾರೆ.

ಫೋನಿನ ಧ್ವನಿ ಟೈಪಿಂಗ್‌ನಲ್ಲೂ ಇದಾಗುತ್ತದೆ. ಆದರೆ ಅಲ್ಲಿ ಇಡೀ ಪದ ದಿಢೀರ್ ಅಂತ ಬಂದು ಬೀಳುತ್ತದೆ, ಅಕ್ಷರ ಕಟ್ಟುವುದು ಕಾಣುವುದಿಲ್ಲ. ಅದನ್ನು ಮೂರನೇಯವರಿಗೆ ಮಾತ್ರ ಇಟ್ಟಿದ್ದೇನೆ. ಫೋನ್ ತಪ್ಪು ಬರೆದದ್ದನ್ನು ಹಿಡಿಯುವುದು ಅವರ ಕೆಲಸ. ಮದ್ದೂರು ಸರ್, ನಿಮ್ಮ ಹಕ್ಕಿ-ಅಕ್ಕಿ ಇಲ್ಲಿ ಚೆನ್ನಾಗಿ ನಡೆಯುತ್ತದೆ ನೋಡಿ. ಮಗು ಹೇಳಿದಂತೆಯೇ ಫೋನು 'ಅಕ್ಕಿ' ಅಂತ ಬರೆದರೆ ಪಕ್ಕದವರೇ ನಕ್ಕು ತಿದ್ದುತ್ತಾರೆ.

ಕ್ಯೂಆರ್ ಕೋಡಿನ ವಿಡಿಯೋಗಳನ್ನು ಪರಿಸರ ಪಾಠಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ನೆಟ್ ಸಿಕ್ಕಾಗ ಆ ಕೋಡ್ ತೆರೆಯುವ ದೀಕ್ಷಾ ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟರೆ ಶಾಲೆಯಲ್ಲಿ ನೆಟ್ ಬೇಕಿಲ್ಲ.

ಪಾವಗಡ ಟೀಚರ್:

ಟೈಪ್ ಮಾಡಿ ತೋರಿಸುವುದು ನನಗೆ ಹೊಳೆದೇ ಇರಲಿಲ್ಲ ಮೇಡಂ, ತುಂಬಾ ಥ್ಯಾಂಕ್ಸ್. ಎರಡು ವಿಷಯ ಕೇಳಬೇಕು. ನಮ್ಮಲ್ಲಿ ಜಾಸ್ತಿ ಮಕ್ಕಳ ಮನೆಮಾತು ತೆಲುಗು. ಒಂದನೇ ತರಗತಿಗೆ ಬಂದಾಗ ಕನ್ನಡದ ಹಾಡೇ ಬಾಯಲ್ಲಿ ಇರುವುದಿಲ್ಲ. ಮನೆಯಲ್ಲಿ ನೋಡುವ ಟಿವಿಯೂ ತೆಲುಗೇ. ಆಗ ಕಿವಿ ಕಣ್ಣಿಗೆ ಏನು ಹೇಳಿಕೊಟ್ಟೀತು? ಇನ್ನೊಂದು, ಪೋಷಕರ ವಾಟ್ಸಾಪ್ ಗುಂಪಿಗೆ ಏನು ಕಳಿಸುತ್ತೀರಿ? ನಾನು ವಿಡಿಯೋ ಕಳಿಸಿದರೆ ಯಾರೂ ತೆರೆದೇ ನೋಡಲ್ಲ.

ಶಿರಾ ನಲಿಕಲಿ:

ಒಂದನೇಯವರಿಗೆ ಅಕ್ಷರದ ಅವಸರ ಬೇಡ. ಮೊದಲು ಕನ್ನಡ ಕಿವಿಗೆ ಬೀಳಲಿ. ಪ್ರಥಮ್ ಬುಕ್ಸ್‌ನವರ ಮಕ್ಕಳ ಕತೆಗಳ ಜಾಲತಾಣ ಸ್ಟೋರಿವೀವರ್ ನೋಡಿದ್ದೀರಾ? 2015ರಿಂದ ಇದೆ, ಪುಕ್ಕಟೆ. ಒಂದೇ ಚಿತ್ರದ ಕತೆ ತೆಲುಗಿನಲ್ಲೂ ಕನ್ನಡದಲ್ಲೂ ಸಿಗುತ್ತದೆ. ಮೊದಲ ಹಂತದ ಕತೆಗಳಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೇ. ಮೊದಲ ದಿನ ಚಿತ್ರ ಮಾತ್ರ ಟಿವಿಯಲ್ಲಿ ತೋರಿಸಿ, ಅಕ್ಷರದ ಮೇಲೆ ಒಂದು ರಟ್ಟು ಅಡ್ಡ ಇಡಿ. ಮಕ್ಕಳು ತೆಲುಗಿನಲ್ಲೇ ಕತೆ ಹೇಳಲಿ. ತಡೆಯಬೇಡಿ. ನಿಮಗೂ ತೆಲುಗು ಬರುತ್ತದೆ ಅಲ್ವಾ, ಅದನ್ನೇ ನೀವು ಕನ್ನಡದಲ್ಲಿ ಹೇಳುತ್ತಾ ಹೋಗಿ. ಕತೆ ಕನ್ನಡದಲ್ಲಿ ಬಾಯಿಗೆ ಬಂದ ಮೇಲೆ ರಟ್ಟು ತೆಗೆಯಿರಿ. ಅಲ್ಲಿಂದ ಹಾಡಿಗೆ ಮಾಡಿದ್ದನ್ನೇ ಮಾಡಿ. ಪಿಡಿಎಫ್ ಇಳಿಸಿಕೊಂಡು ಪ್ರಿಂಟ್ ತೆಗೆಯಲು ಯಾರ ಅಪ್ಪಣೆಯೂ ಬೇಡ, ಪರವಾನಗಿ ಹಾಗೇ ಇದೆ.

ತೆಲುಗು, ಕನ್ನಡ ಅಕ್ಷರಗಳು ಹೆಚ್ಚುಕಡಿಮೆ ಒಂದೇ ತರ ಇರುವುದು ತೆಲುಗು ಅಕ್ಷರ ನೋಡಿ ಗೊತ್ತಿರುವ ಮಕ್ಕಳಿಗೆ ಲಾಭವೇ. ತಲೆಕಟ್ಟಿನಲ್ಲಿ ಸ್ವಲ್ಪ ಗೊಂದಲ ಬರುತ್ತದೆ, ಅದು ತಾನಾಗಿ ಹೋಗುತ್ತದೆ.

ವಾಟ್ಸಾಪ್‌ಗೆ ನಾನು ಏನೂ ಕಳಿಸುವುದಿಲ್ಲ. ನನಗೆ ಕಳಿಸಿ ಅನ್ನುತ್ತೇನೆ. ಸಂಜೆ ಅಪ್ಪ ಫೋನು ತಂದಾಗ ಮಗು ಅವತ್ತಿನ ನಾಲ್ಕು ಸಾಲು ಓದಿ ಧ್ವನಿ ಸಂದೇಶ ಹಾಕಬೇಕು. ಫೋನಿಲ್ಲದ ಮನೆಯ ಮಕ್ಕಳು ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ನನ್ನ ಫೋನಿಗೇ ಓದುತ್ತಾರೆ. ಅವರನ್ನು ಮರೆತರೆ ಗುಂಪು ಇದ್ದೂ ಅನ್ಯಾಯವೇ. ಒಂದೊಂದು ಮಗುವಿಗೂ ಒಂದು ಫೋಲ್ಡರ್ ಇದೆ. ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾ ಸಮಿತಿ) ಸಭೆಯಲ್ಲಿ ಜುಲೈ ತಿಂಗಳ ಓದು, ನವೆಂಬರ್ ಓದು ಎರಡನ್ನೂ ಬೆನ್ನಿಗೆ ಬೆನ್ನು ಕೇಳಿಸುತ್ತೇನೆ. ಮಾರ್ಕ್ಸ್ ಕಾರ್ಡು ಓದಲು ಬಾರದ ತಾಯಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಮದ್ದೂರು ಮೇಷ್ಟ್ರು (ನಿವೃತ್ತ):

ಕತ್ತರಿಸಿದ ಪದದ ಪಟ್ಟಿ ಅಂದರೆ ನಾವು ಮಾಡುತ್ತಿದ್ದ ಮಿಂಚುಪಟ್ಟಿ ತಾನೇ ಮೇಡಂ? ಅದಕ್ಕೆ ಟಿವಿ ಬೇಕಿರಲಿಲ್ಲ. ಆದರೆ ಆ ಎಫ್ ಕೀಲಿಯ ವಿಷಯ ಒಪ್ಪಿದೆ. ಸೀಮೆಸುಣ್ಣದಲ್ಲಿ ಅದು ಆಗದ ಮಾತು.

ಬೆಂಗಳೂರು ಬಳಗ:

ನಾನು ಟೀಚರ್ ಅಲ್ಲ, ರಜೆಯಲ್ಲಿ ಊರಿನ ಶಾಲೆಯ ಕಂಪ್ಯೂಟರ್ ರಿಪೇರಿ ಮಾಡಿಕೊಡುತ್ತೇನೆ. ಪಾವಗಡ ಮೇಡಂ, ಶುರು ಮಾಡುವ ಮೊದಲು ಇವಿಷ್ಟು ನೋಡಿಕೊಳ್ಳಿ.

ಸ್ಲೈಡುಗಳನ್ನು ಹಾಗೇ ಪೆನ್ ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಬೇಡಿ. ಎಷ್ಟೋ ಟಿವಿಗಳು ಅಂಥ ಫೈಲ್ ತೆರೆಯುವುದೇ ಇಲ್ಲ. ತೆರೆದರೂ ಕನ್ನಡ ಅಕ್ಷರ ಒಡೆದು, ಒತ್ತು ಪಕ್ಕಕ್ಕೆ ಹೋಗಿ ಕೂತಿರುತ್ತದೆ. ಒತ್ತಕ್ಷರ ಕಲಿಸುವ ಪಾಠದಲ್ಲೇ ಹಾಗಾದರೆ ಕಷ್ಟ. ಪ್ರತಿ ಸ್ಲೈಡನ್ನೂ ಜೆಪಿಜಿ ಚಿತ್ರವಾಗಿ ಉಳಿಸಿ, 01, 02 ಅಂತ ಹೆಸರಿಡಿ. ರಿಮೋಟಿನ ಬಲಬಾಣ ಒತ್ತಿದರೆ ಸಾಲಾಗಿ ಬರುತ್ತವೆ, ಲ್ಯಾಪ್‌ಟಾಪ್ ಬೇಕಿಲ್ಲ. ಲೈವ್ ಟೈಪಿಂಗ್‌ಗೆ ಮಾತ್ರ ಕೇಬಲ್ ಹಾಕಿ.

ಹಳೇ ನುಡಿ ಫಾಂಟಿನಲ್ಲಿ ಮಾಡಿದ ಅಭ್ಯಾಸ ಹಾಳೆಗಳು ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಎಸೆಯಬೇಡಿ. ನುಡಿ ತಂತ್ರಾಂಶದಲ್ಲೇ ಯುನಿಕೋಡ್‌ಗೆ (ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದುವ ಅಕ್ಷರ ಸಂಕೇತಕ್ಕೆ) ಬದಲಿಸುವ ಸೌಲಭ್ಯ ಇದೆ. ಸ್ಲೈಡಿನ ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಆಗಬಹುದು. ಗುಂಡಗೆ ದಪ್ಪಗೆ ಬೇಕಿದ್ದರೆ ಬಾಲೂ ತಮ್ಮ. ಗಾತ್ರ ಎಷ್ಟಿರಬೇಕು ಅಂತ ಕೂತ ಜಾಗದಲ್ಲೇ ಅಂದಾಜು ಮಾಡಬೇಡಿ. ಕೋಣೆಯ ಹಿಂದಿನ ಗೋಡೆಗೆ ಒರಗಿ, ಮಕ್ಕಳ ಎತ್ತರಕ್ಕೆ ಕೂತು, ಒತ್ತು ಸರಿಯಾಗಿ ಕಾಣುತ್ತಾ ನೋಡಿ.

ಪೆನ್ ಡ್ರೈವ್ ಟಿವಿಗೆ ಸಿಗಲಿಲ್ಲ ಅಂದರೆ ಅದನ್ನು ಫ್ಯಾಟ್32 ಮಾಡಿ ಫಾರ್ಮ್ಯಾಟ್ ಹೊಡೆಯಿರಿ. ಒಳಗಿದ್ದದ್ದನ್ನು ಮೊದಲು ಕಾಪಿ ತೆಗೆದುಕೊಂಡು, ಮತ್ತೆ!