ಪ್ರಶ್ನೋತ್ತರ: ಖಿನ್ನತೆಯಲ್ಲಿ ಮಿದುಳು ಬಹುಮಾನವನ್ನು ಹೇಗೆ ಎಣಿಸುತ್ತೆ?

ಸಂಶೋಧಕಿ: ಇದು ನನ್ನ ಪಿಎಚ್‌ಡಿ ವಿಷಯ, ಕೇಳಿ. ಮಾತ್ರೆ ಮಾತ್ರ ಕೇಳಬೇಡಿ, ನಾನು ವೈದ್ಯೆ ಅಲ್ಲ.

ಕಪ್ಪೆಚಿಪ್ಪು: ಡೋಪಮೈನ್ ಅಂದ್ರೆ ಸಂತೋಷದ ರಾಸಾಯನಿಕ ತಾನೆ ಮೇಡಂ?

ಸಂಶೋಧಕಿ: ಅಲ್ಲ. ‘ಬೇಕು’ ಅನ್ನಿಸೋದಕ್ಕೆ, ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಿಕ್ತಾ ಕಮ್ಮಿ ಸಿಕ್ತಾ ಅಂತ ಕಲಿಯೋದಕ್ಕೆ ಅದು ಬೇಕು. ಸಿಕ್ಕಿದ್ದನ್ನ ಸವಿಯೋದು ಬೇರೆ.

ಅರ್ಧರಾತ್ರಿ: ಎಂ.ಎಸ್ಸಿ. ಪ್ರಾಜೆಕ್ಟ್. ಮಿದುಳಿನ ಸ್ಕ್ಯಾನರ್ ಒಳಗೆ ಹಣದ ಆಟ: ಸೂಚನೆ ಬರುತ್ತೆ, 2 ಸೆಕೆಂಡ್ ಕಾಯಬೇಕು, ಆಮೇಲೆ ಬರೋ ಚೌಕ ಮಾಯವಾಗೋ ಮುಂಚೆ ಬಟನ್ ಒತ್ತಿದ್ರೆ ಹಣ. ಚೌಕ ಎಲ್ಲರಿಗೂ 250 ಮಿಲಿಸೆಕೆಂಡ್. ಖಿನ್ನತೆ ಗುಂಪಿನಲ್ಲಿ ವೆಂಟ್ರಲ್ ಸ್ಟ್ರಯೇಟಮ್ (ಬಹುಮಾನದ ನಿರೀಕ್ಷೆಯಲ್ಲಿ ಚುರುಕಾಗೋ ಮಿದುಳಿನ ಭಾಗ) ಚಟುವಟಿಕೆ ಕಮ್ಮಿ ಬಂದಿದೆ. ಬರೆದುಬಿಡಲಾ?

ಸಂಶೋಧಕಿ: ಬರೀಬೇಡಿ. ‘ಎಲ್ಲರಿಗೂ 250’ ಅಂದಲ್ಲೇ ಎಡವಟ್ಟು. ಖಿನ್ನತೆಯಲ್ಲಿ ಕೈ ನಿಧಾನ ಆಗಬಹುದು. ಆಗ ಹೆಚ್ಚು ಸಲ ಸೋಲ್ತಾರೆ. ಸೋತು ಸೋತು ಸೂಚನೆ ಕಂಡಾಗಿನ ಆಸೆಯೂ ಕುಗ್ಗುತ್ತೆ. ನೀವು ಅಳೆದದ್ದು ಬರೀ ಬೆರಳಿನ ವೇಗ ಇರಬಹುದು. ಮೊದಲು ಒಬ್ಬೊಬ್ಬರ ಗೆಲುವಿನ ಪ್ರಮಾಣ ತೆಗೀರಿ. ಮುಂದಿನ ಸಲ ಅಭ್ಯಾಸದ ಸುತ್ತಲ್ಲೇ ವೇಗ ಅಳೆದಿಟ್ಟುಕೊಳ್ಳಿ. ಆಟದಲ್ಲಿ ಗೆದ್ದಾಗ ಚೌಕದ ಅವಧಿ ಇಳಿಸಿ, ಸೋತಾಗ ಏರಿಸಿ, ಎಲ್ಲರೂ ಮೂರರಲ್ಲಿ ಎರಡು ಸಲ ಗೆಲ್ಲೋ ಹಾಗೆ ಹೊಂದಿಸಿ. ಕಾಯೋ ಸಮಯವೂ ಸದಾ 2 ಸೆಕೆಂಡೇ ಇದ್ರೆ ನಿರೀಕ್ಷೆ, ಫಲಿತಾಂಶ ಎರಡೂ ಕಲಸಿಹೋಗುತ್ತೆ, ಯಾಕಂದ್ರೆ ಸ್ಕ್ಯಾನರ್ ಅಳೆಯೋ ರಕ್ತದ ಸಿಗ್ನಲ್ ತುದಿ ಮುಟ್ಟೋಕೆ 5–6 ಸೆಕೆಂಡ್ ಹಿಡಿಯುತ್ತೆ. 2ರಿಂದ 4ರೊಳಗೆ ಏರುಪೇರು ಮಾಡಿ. ಮಾತ್ರೆಯೂ ಈ ಚಟುವಟಿಕೆ ಬದಲಿಸಬಹುದು; ಖಿನ್ನತೆ ಗುಂಪಿನಲ್ಲಿ ಮಾತ್ರೆ ತಗೊಳ್ಳೋರು ಎಷ್ಟು ಜನ? ಅದನ್ನ ಹೇಳೇ ಇಲ್ಲ.

ಅರ್ಧರಾತ್ರಿ: 22ರಲ್ಲಿ 15.

ಗಾಳಿಪಟ: ಫಾರ್ವರ್ಡ್ ಬಂದಿದೆ: ‘ನಸುಗುನ್ನಿ ಬೀಜದ ಪುಡಿ, ನೈಸರ್ಗಿಕ ಡೋಪಮೈನ್, 21 ದಿನದಲ್ಲಿ ಖಿನ್ನತೆ ಮಾಯ, ಮಾತ್ರೆ ಬಿಡಿ.’

ಸಂಶೋಧಕಿ: ಇದನ್ನ ಮುಂದೆ ಕಳಿಸಬೇಡಿ. ಅದರಲ್ಲಿರೋದು ಎಲ್-ಡೋಪಾ, ಪಾರ್ಕಿನ್ಸನ್‌ಗೆ ಕೊಡೋ ಔಷಧಿ. ಪುಡಿಯಿಂದ ಪುಡಿಗೆ ಪ್ರಮಾಣ ಬೇರೆ. ಎಂಎಒ (ಡೋಪಮೈನ್ ಒಡೆಯೋ ಕಿಣ್ವ) ತಡೆಯೋ ಖಿನ್ನತೆ ಮಾತ್ರೆ ಜೊತೆ ಸೇರಿದ್ರೆ ಬಿಪಿ ವಿಪರೀತ ಏರಬಹುದು. ಸೈಕೋಸಿಸ್ ಇದ್ದವರಿಗೆ ಭ್ರಮೆ ಕೆರಳಬಹುದು. ವೈದ್ಯರನ್ನ ಕೇಳದೆ ಮಾತ್ರೆ ಬಿಡೋದಂತೂ ಇನ್ನೊಂದು ಅಪಾಯ.

ಗಾಳಿಪಟ: ಹಿರಿಯರು ಮೂರ್ಖರಾ ಹಾಗಾದ್ರೆ?

ಅಂಕಿಬುರುಕ: ಹಿರಿಯರು ಆ ಬೀಜವನ್ನ ಶುದ್ಧಿ ಮಾಡಿ, ಅಳತೆ ನೋಡಿ ಕೊಡ್ತಿದ್ರು. ಫಾರ್ವರ್ಡ್ ಮಾಡ್ತಿರಲಿಲ್ಲ.

ಗಾಳಿಪಟ: ನಿಮಗೆ ಔಷಧಿ ಕಂಪನಿ ಎಷ್ಟು ಕೊಡುತ್ತೆ?

ಅಂಕಿಬುರುಕ: ನಿಮಗೆ ಪುಡಿಯವರು ಕೊಟ್ಟಷ್ಟೇ.

ಹೊಸಬ: ಡೋಪಮೈನ್ ಸಂತೋಷದ ಹಾರ್ಮೋನ್ ಅಲ್ವಾ? ‘ಡೋಪಮೈನ್ ಉಪವಾಸ’ ಮಾಡಬಹುದಾ?

ಸಂಶೋಧಕಿ: ಮೊದಲನೇದಕ್ಕೆ ಮೇಲೆ ಓದಿ. ಫೋನ್ ಪಕ್ಕಕ್ಕಿಡಿ, ಒಳ್ಳೇದೇ; ಅದರಿಂದ ಡೋಪಮೈನ್ ಖಾಲಿಯಾಗಿ ತುಂಬಿಕೊಳ್ಳಲ್ಲ.

ಗಾಳಿಪಟ: ಗರ್ವ ನೋಡಿ.

ಅರ್ಧರಾತ್ರಿ: ಗೆಲುವಿನ ಪ್ರಮಾಣ ತೆಗೆದೆ ಮೇಡಂ. ಖಿನ್ನತೆ ಗುಂಪು ಶೇ. 41, ಇನ್ನೊಂದು ಶೇ. 68. ಅದನ್ನ ಕೋವೇರಿಯೇಟ್ ಮಾಡಿ, ಅಂದ್ರೆ ಲೆಕ್ಕದಲ್ಲಿ ಅದರ ಪ್ರಭಾವ ಕಳೆದ್ರೆ, ಸರಿಹೋಗುತ್ತಾ?

ಸಂಶೋಧಕಿ: ಇಲ್ಲ. ಗುಂಪುಗಳೇ ಅದರಲ್ಲಿ ಇಷ್ಟು ದೂರ ಇರುವಾಗ ಅದು ಸರಿಮಾಡಲ್ಲ. ಗೈಡ್‌ಗೆ ಇವತ್ತೇ ತೋರಿಸಿ.